ತುರ್ತು: ಎರಡು ಕಲ್ಲು ಸೇರುವ ಕಡೆಯ ಗೆರೆಗೆ ಕನ್ನಡದಲ್ಲಿ ಏನೆನ್ನೋಣ?

ಕೋಲಾರದಿಂದ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಶುಕ್ರವಾರದೊಳಗೆ ಒಂದು ಪದ ಬೇಕು. ಫ್ಲೆಕ್ಸ್ ಪ್ರಿಂಟಿಗೆ ಕೊಡಬೇಕು.

ಇಲ್ಲಿನ ಹಳೆಯ ಭೂವಿಜ್ಞಾನ ನಕ್ಷೆಗಳನ್ನು ಶೇಪ್‌ಫೈಲ್‌ನಿಂದ ಹೊಸ ಜಿಯೋಡೇಟಾಬೇಸಿಗೆ ಹಾಕುತ್ತಿದ್ದೇವೆ. ಮೊದಲನೆಯದು ಕಂಪ್ಯೂಟರ್ ನಕ್ಷೆಯ ಹಳೆಯ ಫೈಲ್ ಬಗೆ, ಎರಡನೆಯದು ನಕ್ಷೆಯ ಪದರಗಳನ್ನೆಲ್ಲ ನಿಯಮ ಸಮೇತ ಒಟ್ಟಿಗೆ ಇಡುವ ಕಣಜ. ಕಾಲೇಜಿನವರಿಗೆ ಅದರ ತರಬೇತಿ ಇದೆ. ಗೋಡೆಗೆ 'ದತ್ತಾಂಶ ವಲಸೆ' ಎಂಬ ತಲೆಬರಹದಲ್ಲಿ ಕನ್ನಡ ಸೂಚಿ ಹಾಕಬೇಕು. ಅದರಲ್ಲಿ ಕಾಂಟ್ಯಾಕ್ಟ್ ಅಂತ ಒಂದು ಗೆರೆ ಬರುತ್ತದೆ. ಒಂದು ಜಾತಿಯ ಕಲ್ಲು ಮುಗಿದು ಇನ್ನೊಂದು ಶುರುವಾಗುವ ಕಡೆ ಎಳೆಯುವ ಗೆರೆ. ನನ್ನ ಹತ್ತಿರ ಇರುವ ಟಿಪ್ಪಣಿಯಲ್ಲಿ 'ಸಂಪರ್ಕ ರೇಖೆ' ಎಂದಿದೆ. ಕರಡು ನೋಡಿದ ಡ್ರೈವರ್ "ಇದು ಯಾವ ಊರಿಗೆ ಹೋಗೋ ರಸ್ತೆ ಸಾರ್?" ಎಂದರು.

ಈ ಗೆರೆಯಲ್ಲಿ ಮೂರು ಬಗೆ. ಕಣ್ಣಾರೆ ಕಂಡದ್ದಕ್ಕೆ ಪೂರ್ತಿ ಗೆರೆ, ಸುಮಾರಾಗಿ ಗೊತ್ತಿರುವುದಕ್ಕೆ ತುಂಡು ಗೆರೆ, ಮಣ್ಣಿನಡಿ ಮುಚ್ಚಿಹೋದದ್ದಕ್ಕೆ ಚುಕ್ಕಿ ಗೆರೆ. ಇವಕ್ಕೂ ಹೆಸರು ಬೇಕು. ಡ್ರಾಪ್‌ಡೌನ್ ಪಟ್ಟಿಯಲ್ಲಿ ಕೂರಬೇಕು, ಚಿಕ್ಕದಾಗಿರಲಿ.

ತುಮಕೂರಿನಿಂದ:

ಕೂಡುಗೆರೆ. ಇದರಲ್ಲಿ ಚರ್ಚಿಸಲು ಏನಿದೆ? ಗೀರಿದ್ದು ಗೆರೆ. 'ರೇಖೆ'ಯ ಹಂಗು ನಮಗೆ ಬೇಡ.

ಚಿಂತಾಮಣಿಯಿಂದ:

ಕೂಡುಗೆರೆ ಎಂದರೆ ಲೆಕ್ಕ ಕೂಡಿಸುವಾಗ ಕೆಳಗೆ ಎಳೆಯುವ ಗೆರೆ ಅನಿಸುತ್ತದೆ. ಸುಮ್ನೆ 'ಹದ್ದು' ಎನ್ನಿ. ಜಮೀನಿಗೆ ಹದ್ದುಬಸ್ತು ಅಂದರೆ ಯಾರಿಗೆ ಗೊತ್ತಿಲ್ಲ? ಕಲ್ಲಿಗೂ ಅದೇ ನಡೆಯುತ್ತದೆ.

ಇನ್ನೊಂದು ಮಾತು. ದತ್ತಾಂಶ ವಲಸೆ ಹೋಗಲು ಅದೇನು ಕೂಲಿ ಹುಡುಕಿಕೊಂಡು ಬೆಂಗಳೂರಿನ ಬಸ್ ಹತ್ತುತ್ತದೆಯೇ? 'ಸಾಗಣೆ' ಸಾಕು.

ತುಮಕೂರಿನಿಂದ:

ಹದ್ದು ಅರಬ್ಬಿ, ಬಸ್ತು ಪಾರಸಿ. ಸಾಲದ್ದಕ್ಕೆ ಹುಡುಗರು ನಕ್ಷೆಯಲ್ಲಿ ಹಕ್ಕಿ ಹುಡುಕುತ್ತಾರೆ. ಎಲ್ಲೆ ಇದೆ, ಅಚ್ಚಗನ್ನಡ. ತಮಿಳಿನ ಎಲ್ಲೈ ಅದರ ಒಡಹುಟ್ಟು. 'ಶಿಲಾ ಎಲ್ಲೆ' ಎಂದು ಮಾತ್ರ ಬರೆಯಬೇಡಿ, ಅರಿಸಮಾಸ. ಕಲ್ಲೆಲ್ಲೆ.

ಚಿಂತಾಮಣಿಯಿಂದ:

'ಕಲ್ಲೆಲ್ಲೆ' ಎಂದು ಫ್ಲೆಕ್ಸಿನಲ್ಲಿ ಹಾಕಿದರೆ ಓದಿದವರು "ಕಲ್ಲೆಲ್ಲಿ?" ಎಂದು ಕೇಳುತ್ತಾರೆ. ಸಂಧಿ ಮಾಡಲು ಬರುತ್ತದೆ ಅಂತ ಎಲ್ಲ ಕಡೆ ಮಾಡಬೇಕಾಗಿಲ್ಲ.

ಶಿರಾದಿಂದ:

ಪದ ಆಮೇಲೆ. ಮೊದಲು ಗೆರೆ ಏನೆಂದು ನೋಡೋಣ. ನಾನು ಇದೇ ಸಾಗಣೆಯ ಕೆಲಸದಲ್ಲಿದ್ದೇನೆ.

ಭೂಮಿಯೊಳಗೆ ಎರಡು ಕಲ್ಲು ತಾಗುವುದು ಗೆರೆಯಲ್ಲಲ್ಲ, ಒಂದು ಮೈಯಲ್ಲಿ. ಆ ಮೈ ನೆಟ್ಟಗೋ ಓರೆಯಾಗಿಯೋ ಆಳಕ್ಕೆ ಇಳಿದಿರುತ್ತದೆ. ಅದು ನೆಲದ ಮೇಲ್ಭಾಗವನ್ನು ಮುಟ್ಟುವ ಕಡೆ ನಮಗೆ ಗೆರೆಯಾಗಿ ಸಿಗುತ್ತದೆ. ಆದ್ದರಿಂದ ನಕ್ಷೆಯ ಮಟ್ಟಿಗೆ ಎಲ್ಲೆ ಸರಿಯಾದ ಪದ, 'ಕಲ್ಲಿನ ಎಲ್ಲೆ' ಎಂದು ಬಿಡಿಸಿ ಬರೆದರೆ. ಇನ್ನೂ ಒಂದು ಅನುಕೂಲ ಇದೆ. ಸ್ತರಭಂಗವೂ (ಫಾಲ್ಟ್, ಕಲ್ಲು ಬಿರಿದು ಜಾರಿದ ಜಾಗ) ಎಷ್ಟೋ ಕಡೆ ಎರಡು ಕಲ್ಲುಗಳ ನಡುವೆ ಗಡಿಯಾಗಿರುತ್ತದೆ. ಅಮೆರಿಕದ ಭೂವಿಜ್ಞಾನ ಸರ್ವೆಯವರು 2020ರಲ್ಲಿ ನಕ್ಷೆಯ ದತ್ತಾಂಶವನ್ನು ಹೇಗಿಡಬೇಕು ಎನ್ನುವ ಜೆಮ್ಸ್ ಎಂಬ ಮಾದರಿ ಪ್ರಕಟಿಸಿದರು. ಅದರಲ್ಲಿ ಕಾಂಟ್ಯಾಕ್ಟ್, ಫಾಲ್ಟ್ ಎರಡನ್ನೂ ಒಂದೇ ಪದರದಲ್ಲಿ ಇಟ್ಟಿದ್ದಾರೆ. 'ಕೂಡುಗೆರೆ' ಎಂದರೆ ಸ್ತರಭಂಗ ಹೊರಗುಳಿಯುತ್ತದೆ. ಎಲ್ಲೆ ಎಂದರೆ ಎರಡೂ ಒಳಗೆ.

ಶೇಪ್‌ಫೈಲ್‌ನಲ್ಲಿ ಪ್ರತಿ ಕಲ್ಲಿನ ತುಂಡೂ ತನ್ನ ಅಂಚನ್ನು ತಾನೇ ಹೊತ್ತುಕೊಂಡಿರುತ್ತದೆ. ಪಕ್ಕದ ತುಂಡೂ ಅಷ್ಟೇ. ಒಂದೇ ಎಲ್ಲೆ ಎರಡು ಸಲ ಎಳೆದಂತಾಯಿತು, ಅಲ್ವಾ? ಒಂದನ್ನು ತುಸು ಸರಿಸಿದರೆ ನಡುವೆ ಕೂದಲೆಳೆಯಷ್ಟು ಬಿರುಕು ಉಳಿಯುತ್ತದೆ. ಹೊಸದರಲ್ಲಿ ಬಿರುಕು ಇರಬಾರದು, ಒಂದರ ಮೇಲೊಂದು ಏರಬಾರದು ಎಂದು ನಿಯಮ ಹಾಕಿ ತಪಾಸಣೆ ಮಾಡಿಸಬಹುದು. ಎಲ್ಲೆಗಳನ್ನು ಮೊದಲು ಎಳೆದು, ಅವುಗಳಿಂದಲೇ ತುಂಡುಗಳನ್ನು ಕಟ್ಟಿಸಬಹುದು.

ಇನ್ನು ನಿಮ್ಮ ಮೂರು ಬಗೆ. ಅಲ್ಲೇ ತೊಡಕಿರುವುದು. ಪೂರ್ತಿ, ತುಂಡು, ಚುಕ್ಕಿ ಎಂಬುದು ಪೆನ್ನು ಹಿಡಿದು ಬರೆಯುತ್ತಿದ್ದ ಕಾಲದ ಲೆಕ್ಕ. ಅದರೊಳಗೆ ಮೂರು ಬೇರೆ ಬೇರೆ ಪ್ರಶ್ನೆಗಳು ಕಲಸಿಹೋಗಿವೆ. ಈ ಎಲ್ಲೆ ನಿಜವಾಗಿ ಇದೆಯೇ? ಇದ್ದರೆ ಎಷ್ಟು ಮೀಟರ್ ಆಚೀಚೆ? ಮೇಲೆ ಮಣ್ಣು ಮುಚ್ಚಿದೆಯೇ? ಜೆಮ್ಸ್‌ನಲ್ಲಿ ಮೂರಕ್ಕೂ ಬೇರೆ ಬೇರೆ ಕಾಲಂ. ಕೋಲಾರದ ಶಿಸ್ಟ್ ಎಂಬ ಪದರುಗಲ್ಲಿನ ಪಟ್ಟಿಯನ್ನೇ ತೆಗೆದುಕೊಳ್ಳಿ. ಉತ್ತರ ದಕ್ಷಿಣವಾಗಿ ಸುಮಾರು 80 ಕಿಲೋಮೀಟರ್ ಉದ್ದ, ಅಗಲ ಕೆಲವೇ ಕಿಲೋಮೀಟರ್. ಪಕ್ಕದ ಪಟ್ಟೆಪಟ್ಟೆಯ ಕಲ್ಲಾದ ನೈಸ್‌ಗೂ ಅದಕ್ಕೂ ನಡುವೆ ಎಲ್ಲೆ ಇದೆ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ರಾಗಿ ಹೊಲದ ಕೆಂಪು ಮಣ್ಣಿನಡಿ ಅದು ಎಲ್ಲಿ ಹಾದುಹೋಗಿದೆ ಎಂದು ಅಡಿ ಲೆಕ್ಕದಲ್ಲಿ ಹೇಳಲಾಗದು. ಅದನ್ನು ಒಂದೇ ಡ್ರಾಪ್‌ಡೌನ್‌ನಲ್ಲಿ 'ಅಂದಾಜು' ಎಂದು ಬರೆದರೆ ಎಲ್ಲೆಯೇ ಅಂದಾಜೋ, ಜಾಗ ಅಂದಾಜೋ? ಹಾಗಾಗಿ ಒಂದು ಕಾಲಂನಲ್ಲಿ ಖಚಿತ ಅಥವಾ ಅನುಮಾನ. ಇನ್ನೊಂದರಲ್ಲಿ ಮೀಟರ್, ಬರೀ ಅಂಕಿ. ಮತ್ತೊಂದರಲ್ಲಿ ಮುಚ್ಚಿದೆ ಅಥವಾ ಇಲ್ಲ. ತುಂಡು ಗೆರೆಯೋ ಚುಕ್ಕಿಯೋ ಎಂಬುದನ್ನು ಈ ಕಾಲಂಗಳನ್ನು ನೋಡಿ ಸಾಫ್ಟ್‌ವೇರ್ ಬರೆದುಕೊಳ್ಳುತ್ತದೆ.

ತುಮಕೂರಿನಿಂದ:

'ಖಚಿತ' ಎಂದರೆ ಮೂಲದಲ್ಲಿ ಹರಳು ಕೂರಿಸಿದ್ದು. ರತ್ನಖಚಿತ ಕಿರೀಟ ಎನ್ನುವುದಿಲ್ಲವೇ? ಕಲ್ಲಿನ ನಕ್ಷೆಯಲ್ಲಿ ರತ್ನ ಎಲ್ಲಿಂದ ಬಂತು? 'ದಿಟ' ಎನ್ನಿ.

ಶಿರಾದಿಂದ:

ಖಚಿತ ಎಂದರೆ ಏನೆಂದು ಎಂಟನೇ ಕ್ಲಾಸಿನ ಹುಡುಗನಿಗೂ ಗೊತ್ತು. ಮುಂದೆ ಹೋಗೋಣ.

ಚಿಂತಾಮಣಿಯಿಂದ:

ತುಮಕೂರಿನವರಿಗೆ ಒಂದು ಪ್ರಶ್ನೆ. ಹದ್ದು ಅರಬ್ಬಿ ಎಂದು ಓಡಿಸಿದಿರಿ. 'ನಕ್ಷೆ' ಎಲ್ಲಿಯದು?

ತುಮಕೂರಿನಿಂದ:

ಗೊತ್ತು, ಅದೂ ಅರಬ್ಬಿ. ಅದಕ್ಕೇ ನಾನು 'ನೆಲತಿಟ್ಟ' ಎಂದು ಬರೆಯುವುದು.

ಕೆಜಿಎಫ್‌ನಿಂದ:

ತಿಟ್ಟ ಅಂದರೆ ನಮ್ಮಲ್ಲಿ ದಿಬ್ಬ ಅಂದುಕೊಳ್ಳುತ್ತಾರೆ. ನಮ್ಮೂರಲ್ಲಿ ಚಿನ್ನ ತೆಗೆದು ಸುರಿದ ಸೈನೈಡ್ ದಿಬ್ಬಗಳು ಮೊದಲೇ ಜಾಸ್ತಿ ಇವೆ.

ಇಲ್ಲಿ ಗಣಿ ಕೆಲಸ ಮಾಡಿದವರ ಬಾಯಲ್ಲಿ ಶಾಫ್ಟ್ (ಆಳಕ್ಕಿಳಿಯುವ ಬಾವಿ), ರೀಫ್ (ಚಿನ್ನವಿರುವ ಕಲ್ಲಿನ ಎಳೆ), ಲೆವೆಲ್ (ಸುರಂಗದ ಅಂತಸ್ತು) ಎಲ್ಲ ತಮಿಳು, ತೆಲುಗು, ಕನ್ನಡದ ನಡುವೆ ಸಲೀಸಾಗಿ ಓಡಾಡಿದವು. 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚಿತು, ಪದಗಳು ಮುಚ್ಚಲಿಲ್ಲ. ಮೂರು ಕಿಲೋಮೀಟರಿಗೂ ಆಳ ಇಳಿದವರನ್ನು ನಿಲ್ಲಿಸಿ ಶಾಫ್ಟ್‌ಗೆ ಅಚ್ಚಗನ್ನಡ ಏನು ಎಂದು ಕೇಳಿ ನೋಡಿ. ಪದ ಕೆಲಸಗಾರನ ಜೊತೆ ಬರುತ್ತದೆ, ನಿಘಂಟಿನಿಂದ ಇಳಿಯುವುದಿಲ್ಲ.

ತುಮಕೂರಿನಿಂದ:

ಬ್ರಿಟಿಷ್ ಕಂಪನಿ ಹೇರಿದ್ದನ್ನು ಕೆಲಸಗಾರನ ಪದ ಎನ್ನಬೇಡಿ. ಅವರಿಗೆ ಆಯ್ಕೆ ಕೊಟ್ಟವರು ಯಾರು? ಕೊಟ್ಟಿದ್ದರೆ ಬೆಣಚುಕಲ್ಲು, ಬಳಪದ ಕಲ್ಲು, ಕಾಗೆಬಂಗಾರ ಎಂದವರಿಗೆ ಶಾಫ್ಟ್‌ಗೂ ಹೆಸರಿಡಲು ಬರುತ್ತಿತ್ತು.

ಕೋಲಾರದಿಂದ:

ಜಗಳದ ನಡುವೆ ನುಗ್ಗುತ್ತಿದ್ದೇನೆ. 'ಕಲ್ಲಿನ ಎಲ್ಲೆ' ಒಪ್ಪಿಗೆ. ಕಾಲಂಗಳನ್ನೂ ಬೇರೆ ಮಾಡಿದೆವು. ಈಗ ಇನ್ನೊಂದು ತಲೆನೋವು. 57ಕೆ, 57ಎಲ್ ಎಂಬ ಸರ್ವೆ ನಕ್ಷೆಯ ಹಾಳೆಗಳು 13 ಡಿಗ್ರಿ ಅಕ್ಷಾಂಶದಲ್ಲಿ ಸೇರುತ್ತವೆ. ಕೋಲಾರ ಊರು ಮೇಲಿನದರಲ್ಲಿ, ಕೆಜಿಎಫ್ ಕೆಳಗಿನದರಲ್ಲಿ. ಶಿಸ್ಟ್ ಪಟ್ಟಿ ಎರಡನ್ನೂ ದಾಟುತ್ತದೆ. ಹಳೆಯ ಫೈಲುಗಳನ್ನು ಜೋಡಿಸಿದರೆ ಪಟ್ಟಿಗೆ ಅಡ್ಡಲಾಗಿ ಹಾಳೆಯ ಅಂಚೂ ಒಂದು ಎಲ್ಲೆಯಾಗಿ ಬಂದು ಕೂತಿದೆ. ಅದನ್ನು ಏನೆನ್ನಲಿ? ಕಾಲಂ ಹೆಸರುಗಳನ್ನೂ ಕನ್ನಡದಲ್ಲೇ ಇಡಬಹುದೇ?

ಶಿರಾದಿಂದ:

ನೀವೇ ಬರೆದಿರಲ್ಲ, ಹಾಳೆ ಅಂಚು. ಕಲ್ಲಿಗೆ ಎಲ್ಲೆ, ಹಾಳೆಗೆ ಅಂಚು. ಎರಡು ಪದಗಳನ್ನು ಕಲಸಬೇಡಿ. ಅಂಚಿನ ಎರಡೂ ಬದಿಗೆ ಒಂದೇ ಕಲ್ಲಿದ್ದರೆ ತುಂಡುಗಳನ್ನು ಒಂದು ಮಾಡಿ ಆ ಗೆರೆ ಅಳಿಸಿ. ಪಟ್ಟಿಯ ಎಲ್ಲೆಗಳು ಅಂಚಿನಲ್ಲಿ ಒಂದಕ್ಕೊಂದು ಮುಟ್ಟದಿದ್ದರೆ ಎಳೆದು ಸೇರಿಸಬೇಡಿ. ಮೊದಲು ಎರಡೂ ಹಾಳೆ ಭೂಮಿಯ ಅಳತೆಯ ಹಳೆಯ ಎವರೆಸ್ಟ್ ಲೆಕ್ಕದಿಂದ ಈಗ ಜಿಪಿಎಸ್ ಬಳಸುವ ಡಬ್ಲ್ಯೂಜಿಎಸ್ 84ಕ್ಕೆ ಸರಿಯಾಗಿ ಬಂದಿವೆಯೇ ನೋಡಿ. ಒಂದು ಬಂದು ಇನ್ನೊಂದು ಬಾರದಿದ್ದರೆ ನೂರು ಮೀಟರಿಗೂ ಜಾಸ್ತಿ ಜಾರುತ್ತದೆ.

ಕಾಲಂ ಹೆಸರು ಒಳಗೆ ರೋಮನ್‌ನಲ್ಲೇ ಇರಲಿ, ಮೇಲೆ ಕಾಣುವ ಅಲಿಯಾಸ್ ಕನ್ನಡದಲ್ಲಿ ಕೊಡಿ. ಯಾರಾದರೂ ನಾಳೆ ಮತ್ತೆ ಶೇಪ್‌ಫೈಲ್ ಕೇಳಿಯೇ ಕೇಳುತ್ತಾರೆ. ಅದರಲ್ಲಿ ಕಾಲಂ ಹೆಸರಿಗೆ 10 ಬೈಟ್ ಮಿತಿ. ಯೂನಿಕೋಡ್ ಅಕ್ಷರಗಳನ್ನು ಬರೆದಿಡುವ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್. 'ಶಿಲೆ' ಎಂಬ ಪುಟ್ಟ ಪದಕ್ಕೇ ಗುಣಿತ ಸೇರಿ 12. ಊರ ಹೆಸರುಗಳನ್ನು ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದರೆ ಸಾಗಿಸುವ ಮೊದಲೇ ಯೂನಿಕೋಡ್‌ಗೆ ಬದಲಿಸಿ. ಇಲ್ಲದಿದ್ದರೆ ಬಂಗಾರಪೇಟೆ ಹೋಗಿ ಕೊಂಬು ಬಾಲ ಮೂಡಿದ ರೋಮನ್ ಅಕ್ಷರಗಳ ರಾಶಿ ಬರುತ್ತದೆ.

ಕೋಲಾರದಿಂದ:

ನುಡಿಯಲ್ಲೇ ಇದೆ, ಎಲ್ಲವೂ. ಕೊನೆಯದಾಗಿ, ಬೇರೆ ಕಲ್ಲನ್ನು ಸೀಳಿಕೊಂಡು ಗೋಡೆಯಂತೆ ನಿಲ್ಲುವ ಡೈಕ್‌ಗೆ?

ತುಮಕೂರಿನಿಂದ:

ಕಲ್ಲೊಡ್ಡು.

ಕೆಜಿಎಫ್‌ನಿಂದ:

ಒಡ್ಡು ಅಂದರೆ ನೀರಿಗೆ ಕಟ್ಟಿದ್ದು. ಕ್ವಾರಿಯವರು ಕರಿಕಲ್ಲು ಎನ್ನುತ್ತಾರೆ, ಆದರೆ ಅದು ಕಲ್ಲಿನ ಹೆಸರು, ಆಕಾರದ್ದಲ್ಲ. ಡೈಕ್ ಎಂದೇ ಬಿಡಿ.

ತುಮಕೂರಿನಿಂದ:

ನೆಲತಿಟ್ಟದಲ್ಲಿ ಡೈಕ್ ಎಂದು ಬರೆಯುವ ಬದಲು ಇಡೀ ಫ್ಲೆಕ್ಸನ್ನೇ ಇಂಗ್ಲಿಷಿನಲ್ಲಿ ಹಾಕಿ.

ಚಿಂತಾಮಣಿಯಿಂದ:

ಡೈಕ್‌ಗೆ ಬೇರೆ ಎಳೆ ತೆರೆಯಿರಿ. ಅಲ್ಲೂ ತಿಟ್ಟ ಬಂದರೆ ನಾನು ಓದುವುದಿಲ್ಲ.