ಬೆಗೋನಿಯಾಗೆ ಬಿಳಿ ಬಂದಿದೆ, ಏನು ಹೊಡೆದ್ರೂ ಹೋಗ್ತಿಲ್ಲ

ಚಿಗುರೆಲೆ: ಸಾಕಾಗಿ ಹೋಗಿದೆ ನನಗೆ. ಬೆಗೋನಿಯಾಗೆ ಬಿಳಿ ಬಂದಿದೆ. ಬೇವಿನೆಣ್ಣೆ ಹೊಡೆದೆ, ಕಡಿಮೆ ಆಗ್ಲಿಲ್ಲ. ಮತ್ತೆ ಹೊಡೆದೆ, ಈಗ ಎಲೆ ಅಂಚು ಕಂದಿ ಉದುರ್ತಿವೆ. ಯಾವ ಔಷಧಿ ಹೊಡೀಲಿ? ಬೇಗ ಹೇಳಿ.

ಹಿತ್ತಲಮಲ್ಲಿ: ಹಿಟ್ಟು ತಿಗಣೆ (ಬಿಳಿ ಮೇಣ ಹೊದ್ದು ರಸ ಹೀರೋ ಪುಟ್ಟ ಹುಳ), ಅನುಮಾನವೇ ಬೇಡ. 70% ಐಸೋಪ್ರೊಪೈಲ್ ಆಲ್ಕೋಹಾಲಲ್ಲಿ ಹತ್ತಿ ಅದ್ದಿ ಒಂದೊಂದಕ್ಕೂ ಮುಟ್ಟಿಸಿ. ತೊಟ್ಟು ಕಾಂಡಕ್ಕೆ ಸೇರೋ ಸಂದಿ ಬಿಡಬೇಡಿ, ಅಲ್ಲೇ ಅಡಗಿರೋದು.

ಗೆಣ್ಣು: ಯಾವ ಬೆಗೋನಿಯಾ? ಬಣ್ಣದೆಲೆಯ ರೆಕ್ಸಾ, ಬಿದಿರಿನಂಥ ಕಾಂಡದ ಕೇನಾ, ಗೆಡ್ಡೆಯದ್ದಾ? ಬಿಳಿ ಇರೋದು ಎಲೆ ಮೇಲಾ, ಅಡಿಗಾ, ಮಣ್ಣಿನ ಮೇಲಾ? ಮಣ್ಣಿನ ಮೇಲಿನ ಬೂಷ್ಟಾದ್ರೆ ಗಿಡಕ್ಕೇನೂ ಮಾಡಲ್ಲ, ನೀರು ಜಾಸ್ತಿ ಆಗಿದೆ ಅಷ್ಟೇ.

ಚಿಗುರೆಲೆ: ರೆಕ್ಸ್. ಬಿಳಿ ಇರೋದು ಎಲೆ ಮೇಲೇನೇ.

ಹಿತ್ತಲಮಲ್ಲಿ: ಹಾಗಾದ್ರೆ ಬೇರಲ್ಲೂ ತಿಗಣೆ ಇರಬಹುದು. ಕುಂಡದಿಂದ ಎತ್ತಿ ನೋಡಿ, ಒಳಗೋಡೆಗೆ ಬಿಳಿ ಮೇಣದಂಥ ಪುಡಿ ಅಂಟಿರುತ್ತೆ.

ಗೆಣ್ಣು: ನರಳ್ತಿರೋ ಗಿಡದ ಬೇರು ಕೆದಕಬೇಡಿ. ಮೊದಲು ಬೆರಳಲ್ಲಿ ಒರೆಸಿ ನೋಡಿ. ಪುಡಿಯಾಗಿ ಬೆರಳಿಗೆ ಬಂದು, ಕೆಲವು ದಿನಕ್ಕೆ ಅದೇ ಜಾಗದಲ್ಲಿ ಮತ್ತೆ ಕಾಣಿಸಿದ್ರೆ ಬೂದಿ ರೋಗ, ಅಂದ್ರೆ ಎಲೆ ಮೇಲೆ ಬೆಳೆಯೋ ಶಿಲೀಂಧ್ರ. ಹತ್ತಿ ಎಳೆ ಥರ ಇದ್ದು, ಒತ್ತಿದಾಗ ರಸ ಬಂದ್ರೆ ತಿಗಣೆ. ಒರೆಸಿದ್ರೂ ಹೋಗದೆ ಹೊಳೀತಿದ್ರೆ ಅದು ರೆಕ್ಸಿನ ಹುಟ್ಟುಬಣ್ಣ. ಎಲೆಯ ಮೇಲ್ಪದರದ ಕೆಳಗೆ ಗಾಳಿ ಸಂದಿ ಇರೋದ್ರಿಂದ ಬೆಳ್ಳಿಯಾಗಿ ಕಾಣುತ್ತೆ.

ಚಿಗುರೆಲೆ: ಪುಡಿ ಬಂತು. ದುಂಡು ದುಂಡು ಮಚ್ಚೆ. ಗಿಡ ಇರೋ ಗಾಜಿನ ಪೆಟ್ಟಿಗೆ ಮುಚ್ಚೇ ಇಟ್ಟಿದ್ದೀನಿ, ತೇವ ಬೇಕಲ್ವಾ? ಬೇವಿನೆಣ್ಣೆ ಜೊತೆಗೆ ಗಂಧಕಾನೂ ಹೊಡೆದಿದ್ದೆ.

ಗೆಣ್ಣು: ಎಲೆ ಸುಟ್ಟಿದ್ದು ಅದಕ್ಕೇ! ಎಣ್ಣೆಗೂ ಗಂಧಕಕ್ಕೂ ಕನಿಷ್ಠ ಎರಡು ವಾರ ಅಂತರ ಇರ್ಲೇಬೇಕು. ಬಿಸಿ 30 ಡಿಗ್ರಿ ದಾಟಿದ್ರೆ ಗಂಧಕ ಒಂದೇ ಸಾಕು ಎಲೆ ಸುಡೋಕೆ. ಇನ್ನು ಬೂದಿ ರೋಗಕ್ಕೆ ಎಲೆ ಒದ್ದೆ ಇರ್ಲೇಬೇಕು ಅಂತಿಲ್ಲ, ಆಡದೆ ನಿಂತ ತೇವದ ಗಾಳಿ ಸಾಕು. ಎಲೆ ಒದ್ದೆಯಿದ್ರೆ ಹೆಚ್ಚೋದು ಬೂದು ಬೂಷ್ಟು, ಅದರಲ್ಲಿ ಎಲೆ ಕೊಳೆತು ಮೇಲೆ ರೋಮ ಬರುತ್ತೆ. ಮುಚ್ಚಳ ತೆಗೀರಿ, ರೋಗದ ಎಲೆ ಕಿತ್ತು ಚೀಲದಲ್ಲಿ ಕಟ್ಟಿ ಎಸೀರಿ, ಗೊಬ್ಬರದ ಗುಂಡಿಗೆ ಬೇಡ. ಆಮೇಲೆ ಪೊಟ್ಯಾಸಿಯಂ ಬೈಕಾರ್ಬೊನೇಟ್, ಮೊದಲು ಒಂದೇ ಎಲೆಗೆ ಹೊಡೆದು ಎರಡು ದಿನ ಕಾದು ನೋಡಿ.

ಹಿತ್ತಲಮಲ್ಲಿ: ಅಡುಗೆಮನೆ ಸೋಡಾ ಸಾಕು ಸ್ವಾಮಿ, ಎರಡೂ ಒಂದೇ.

ಗೆಣ್ಣು: ಒಂದೇ ಅಲ್ಲ. ಸೋಡಾದಲ್ಲಿರೋದು ಸೋಡಿಯಂ. ಪದೇ ಪದೇ ಹೊಡೆದ್ರೆ ಮಣ್ಣಲ್ಲಿ ಉಪ್ಪು ಕೂಡುತ್ತೆ, ಬೆಗೋನಿಯಾ ತಡ್ಕೊಳಲ್ಲ.

ಹಿತ್ತಲಮಲ್ಲಿ: ನಾನು ವರ್ಷಗಳಿಂದ ಹೊಡೀತಿದ್ದೀನಿ, ಗುಲಾಬಿಗೆ ಏನೂ ಆಗಿಲ್ಲ.

ಗೆಣ್ಣು: ಗುಲಾಬಿ ಮಾತು ಇಲ್ಲಿ ಯಾಕೆ?

ಬೆಳಕುಗೂಡು: ಗಾಳಿ ಆಡಿದ್ರೆ ಇದ್ಯಾವುದೂ ಬೇಕಾಗಲ್ಲ. ನನ್ನ ಗಾಜಿನ ಕಪಾಟಲ್ಲಿ ಎರಡು 80 ಮಿ.ಮೀ. ಕಂಪ್ಯೂಟರ್ ಫ್ಯಾನ್, ಒಂದು ಕೆಳಗೆ ಒಳಮುಖ, ಇನ್ನೊಂದು ಮೇಲೆ ಹೊರಮುಖ. ತೇವಾಂಶ 60ರಿಂದ 65%, ಎಲ್‌ಇಡಿ 12 ಗಂಟೆ. ಮಾಸೋನಿಯಾನಾ, ಫೆರಾಕ್ಸ್, ಮ್ಯಾಕುಲಾಟಾ ಮೂರೂ ಬೆಗೋನಿಯಾ ಜಾತಿ ಒಂದೇ ಗೂಡಲ್ಲಿವೆ, ಒಂದು ಮಚ್ಚೆ ಇಲ್ಲ. ಫೋಟೋ ಹಾಕಿದ್ದೀನಿ ನೋಡಿ.

ಎಲೆಮನೆ: ಅಬ್ಬಾ, ಫೆರಾಕ್ಸ್ ಎಲೆ ಮೇಲಿನ ಆ ಕಪ್ಪು ಮುಳ್ಳುಗುಬ್ಬಿ ನೋಡಿ! ಫ್ಯಾನ್ ರಾತ್ರಿಯೂ ಓಡುತ್ತಾ?

ಬೆಳಕುಗೂಡು: ಓಡುತ್ತೆ, ಕಡಿಮೆ ವೇಗದಲ್ಲಿ. ವೈರಿಂಗ್ ಚಿತ್ರ ಬೇಕಾ?

ಚಿಗುರೆಲೆ: ನನ್ನ ಗಿಡದ ವಿಷಯಕ್ಕೆ ಬನ್ನಿ ದಯವಿಟ್ಟು. ಮುಚ್ಚಳ ತೆಗೆದ ಮೇಲೆ ಪುಡಿ ಹಬ್ಬೋದು ನಿಂತಿದೆ. ಆದ್ರೆ ಹೊಸ ಎಲೆಗಳು ಮುದುಡಿಕೊಂಡೇ ಬರ್ತಿವೆ, ಗಟ್ಟಿಯಾಗಿವೆ, ಅಡಿಗೆ ತುಕ್ಕಿನ ಬಣ್ಣ. ಹುಳ ಒಂದೂ ಕಾಣ್ತಿಲ್ಲ. ಇದೂ ಬೂದಿ ರೋಗಾನಾ?

ಗೆಣ್ಣು: ಇದು ಬೇರೆ ಇದ್ದ ಹಾಗಿದೆ. ಚಿಗುರಿಗೇ ಬೀಳೋ ನುಸಿ ಇರಬಹುದು. ಅದು ಸುಮಾರು 0.2 ಮಿ.ಮೀ., ಬರಿಗಣ್ಣಿಗೆ ಸಿಗಲ್ಲ. 20 ಪಟ್ಟಿನ ಲೆನ್ಸಲ್ಲಿ ಎಳೇ ಎಲೆಯ ಅಡಿ ನೋಡಿ. ಮೈಮೇಲೆ ಸಾಲಾಗಿ ಬಿಳಿ ಚುಕ್ಕಿ ಇರೋ ಮೊಟ್ಟೆ ಕಂಡ್ರೆ ಅದೇ. ಗಿಡ ಇವತ್ತೇ ಬೇರೆ ಕೋಣೆಗೆ ಹಾಕಿ, ಮುಟ್ಟಿದ ಕೈಯಲ್ಲಿ ಉಳಿದವನ್ನ ಮುಟ್ಟಬೇಡಿ.

ಚಿಗುರೆಲೆ: ಲೆನ್ಸ್ ಇಲ್ಲ. ತರಿಸ್ತೀನಿ.

ಹಿತ್ತಲಮಲ್ಲಿ: ಅದೆಲ್ಲ ಸರಿ, ಬೇರು ನೋಡಿದ್ರಾ?