ಅಪ್‌ಡೇಟ್: ಲೇಸರ್ ವೆಲ್ಡಿಂಗ್ ಬಂತು, ಟಿಗ್ ಹೋಗಿಲ್ಲ
ಟಿಗ್ (ಟಂಗ್‌ಸ್ಟನ್ ಕಡ್ಡಿಯ ವಿದ್ಯುತ್ ಕಿಡಿಯಿಂದ ಮಾಡುವ ವೆಲ್ಡಿಂಗ್) ಬಿಟ್ಟು ಕೈಯಲ್ಲಿ ಹಿಡಿಯುವ ಲೇಸರ್ ತಗೊಳ್ಳಬಹುದಾ ಅಂತ ಕೇಳಿದ್ದೆ ಅಲ್ವಾ, 1500 ವ್ಯಾಟ್‌ನದ್ದು ತಗೊಂಡು ಮೂರು ತಿಂಗಳಾಯಿತು. 1 ಮಿ.ಮೀ. ಸ್ಟೇನ್‌ಲೆಸ್ ಶೀಟಿಗೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಕೆಲಸ ಆಗುತ್ತದೆ. ಶೀಟ್ ಸೊಟ್ಟ ಆಗುವುದು ತುಂಬಾ ಕಡಿಮೆ, ಮೊದಲಿನ ಹಾಗೆ ಬಾಗಿದ್ದನ್ನು ಬಡಿದು ಸರಿ ಮಾಡಿ ಆಮೇಲೆ ಗ್ರೈಂಡರ್ ಹಿಡಿದು ಕೂರುವುದು ತಪ್ಪಿತು.

ಆದರೆ ಜೋಡಿಸುವಾಗ ಅರ್ಧ ಮಿಲಿಮೀಟರ್ ಸಂದು ಉಳಿದರೂ ಕಿರಣ ಸುಮ್ನೆ ತೂರಿಹೋಗುತ್ತದೆ. ಸಂದು ತುಂಬಲು ತಂತಿ ಒದಗಿಸುವ ವೈರ್ ಫೀಡರ್ ಇದ್ದರೆ ಸ್ವಲ್ಪ ವಾಸಿ. ಈಗ ವೆಲ್ಡಿಂಗಿಗಿಂತ ಕಟಿಂಗ್, ಫಿಟಿಂಗಿಗೇ ಜಾಸ್ತಿ ಹೊತ್ತು!

ಕಣ್ಣಿನ ವಿಚಾರ ಎಚ್ಚರಿಸಿದವರಿಗೆ ಥ್ಯಾಂಕ್ಸ್. ಈ ಕಿರಣ ಕಾಣುವುದೇ ಇಲ್ಲ, ಹೊಳೆಯುವ ಶೀಟಿಗೆ ಬಡಿದು ಎತ್ತ ಹೋಯಿತೋ ಗೊತ್ತಾಗುವುದಿಲ್ಲ. ಮಾಮೂಲಿ ವೆಲ್ಡಿಂಗ್ ಗ್ಲಾಸ್ ಸಾಲದು, ಈ ಲೇಸರ್‌ನ ತರಂಗಾಂತರಕ್ಕೇ ಮಾಡಿದ ಕನ್ನಡಕ ಬೇಕು, ಪಕ್ಕದಲ್ಲಿ ನಿಂತವರಿಗೂ. ದಪ್ಪ ಪ್ಲೇಟಿಗೆ ಇನ್ನೂ ಹಳೆ ಟಿಗ್ಗೇ.