ಗುಬ್ಬಕ್ಕ, ಕಾಗಕ್ಕ ಥರ ಒಂದು ನೀರುಹುಳಕ್ಕೆ ಹೆಸರು ಬೇಕು

ಎಲ್ಲರಿಗೂ ನಮಸ್ಕಾರ. ಒಂದೇ ಒಂದು ಪದ ಅನುವಾದ ಮಾಡೋಕಾಗದೆ ಒದ್ದಾಡ್ತಿದೀನಿ, ದಯವಿಟ್ಟು ಸಹಾಯ ಮಾಡಿ.

ಗೀಡೊ ಗೆಜೆಲ್ಲೆ ಅಂತ ಫ್ಲೆಮಿಶ್ ಕವಿ, ಅಂದ್ರೆ ಬೆಲ್ಜಿಯಂನಲ್ಲಿ ಡಚ್ ಮಾತಾಡೋ ಕಡೆಯವರು, 1830ರಲ್ಲಿ ಬ್ರೂಜ್‌ನಲ್ಲಿ ತೋಟದ ಮಾಲಿಯ ಮಗನಾಗಿ ಹುಟ್ಟಿ ಪಾದ್ರಿ ಆದವರು, ರೂಸೆಲಾರೆ ಊರಿನ ಸೆಮಿನರೀಲಿ (ಪಾದ್ರಿ ಆಗೋರು ಓದೋ ಶಾಲೆ) ಮೇಷ್ಟ್ರಾಗಿದ್ದಾಗ 1857ರಲ್ಲಿ ಒಂದು ಪದ್ಯ ಬರೆದ್ರು. ಕೆರೆ ನೀರಿನ ಮೇಲೆ ಗಿರಗಿರ ಸುತ್ತೋ ಹೊಳೆಯೋ ಕಪ್ಪು ಹುಳ ನೋಡಿರ್ತೀರಲ್ಲ, ಕಾಲೇ ಕಾಣಿಸಲ್ಲ, ಒಂದು ಸುತ್ತು ಮುಗಿಯೋದ್ರೊಳಗೆ ಇನ್ನೊಂದು ಶುರು, ಹಿಂದೆ ಎಳೆದ ಗೆರೆ ಅಷ್ಟರಲ್ಲಿ ನೀರಲ್ಲಿ ಅಳಿಸಿಹೋಗಿರತ್ತೆ, ಪದ್ಯ ಅದರ ಮೇಲೇನೇ. ಹೆಸರು ‘ಸ್ಖ್ರೈವರ್ಕೆ’. ಸ್ಖ್ರೈವರ್ ಅಂದ್ರೆ ಬರೆಯೋನು, ಕೊನೇಲಿರೋ ‘ಕೆ’ ಚಿಕ್ಕದು ಅನ್ನೋದಕ್ಕೂ ಮುದ್ದಿಗೂ ಸೇರಿಸೋ ಪ್ರತ್ಯಯ.

ಕಷ್ಟ ಇರೋದು ಈ ‘ಕೆ’ಯಲ್ಲೇ. ನೀನು ಏನು ಬರೀತಿದೀಯ, ಮೀನಿನ ಬಗ್ಗೇನಾ, ಗಿಡದ ಬಗ್ಗೇನಾ, ಕಲ್ಲು ಎಲೆ ಹೂವಾ ಅಂತ ಕವಿ ಕೇಳ್ತಾ ಹೋಗ್ತಾರೆ, ಪ್ರತಿಯೊಂದಕ್ಕೂ ಇಂಥ ಮುದ್ದಿನ ಬಾಲ ಇದೆ. ಕೊನೆಗೆ ಹುಳ ಹೇಳತ್ತೆ, ನಾವು ಬರೆಯೋದು ದೇವರ ಹೆಸರು, ಬರೆದದ್ದನ್ನೇ ಮತ್ತೆ ಮತ್ತೆ ಬರೀತೀವಿ ಅಂತ.

‘ಮರಿ’ ಹಾಕಿದ್ರೆ ಮೀನುಮರಿ ಬೇರೇನೇ ಆಗತ್ತೆ. ‘ಕಿರು’ ತೀರಾ ಪುಸ್ತಕದ್ದು. ‘ಪುಟ್ಟ’ ಸರಿಯಾಗಿದೆ, ಆದ್ರೆ ಐದು ಸಲ ಬಂದ್ರೆ ಅಂಗನವಾಡಿ ಪದ್ಯ ಆಗೋಗತ್ತೆ. ಆಮೇಲೆ ಹೊಳೀತು, ನಾವು ಮುದ್ದು ಬಂದಾಗ ವಸ್ತೂನ ಚಿಕ್ಕದು ಮಾಡಲ್ಲ, ನೆಂಟಸ್ತನ ಹಚ್ತೀವಿ, ಗುಬ್ಬಕ್ಕ, ಕಾಗಕ್ಕ, ಚಂದಮಾಮ. ಹಾಗಾದ್ರೆ ‘ಬರೆಯಣ್ಣ’ ಅನ್ನಬಹುದಾ? ನಂಗೆ ಇಷ್ಟ ಆಯ್ತು, ಆದ್ರೆ ‘ಬರಿಯಪ್ಪಾ’ ಅಂತ ಹೇಳಿದ ಹಾಗೂ ಕೇಳತ್ತೆ, ಬರೆ ಹಾಕೋದೂ ನೆನಪಾಗತ್ತೆ. ‘ಗೀಚಣ್ಣ’ ಬಾಯಿಗೆ ಚೆನ್ನಾಗಿದೆ, ದೇವರ ಹೆಸರು ಬರೆಯೋನನ್ನ ಗೀಚ್ತಾನೆ ಅನ್ನೋಕೆ ಮನಸ್ಸು ಬರಲ್ಲ. ಶಾನುಭೋಗ ಅಂದ್ರೆ ಕಂದಾಯದ ಲೆಕ್ಕ ಬಂದುಬಿಡತ್ತೆ.

‘ಲಿಪಿಕಾರ’ ಅಂತ ಹಾಕಿ ಸುಮ್ನಿರಬಾರದಾ ಅಂದ್ರೆ, ಬೇಡ. ಆಗ ಬೆಲ್ಜಿಯಂನಲ್ಲಿ ಹೈಸ್ಕೂಲು, ಆಫೀಸು ಎಲ್ಲ ಫ್ರೆಂಚಲ್ಲಿ, ಶಿಷ್ಟ ಡಚ್ ಅಂದ್ರೆ ಹಾಲೆಂಡಿನದು, ಗೆಜೆಲ್ಲೆ ಮಾತ್ರ ತಮ್ಮ ಪಶ್ಚಿಮ ಫ್ಲಾಂಡರ್ಸ್ ಜನರ ಬಾಯಿಮಾತನ್ನೇ ಪದ್ಯಕ್ಕೆ ತಂದ್ರು. 1881ರಲ್ಲಿ ‘ಲೊಕ್ವೆಲಾ’ ಅಂತ ಬರೀ ಪದಗಳಿಗೇ ಒಂದು ಪತ್ರಿಕೆ ಶುರು ಮಾಡಿದ್ರು, ಜನ ಆಡೋ ಮಾತನ್ನ ಒಂದೊಂದೇ ಚೀಟಿಗೆ ಬರೆದಿಟ್ಕೊಂಡು 1899ರಲ್ಲಿ ತೀರಿಕೊಳ್ಳೋ ಹೊತ್ತಿಗೆ ಲಕ್ಷ ದಾಟಿಸಿದ್ರು. ಅಂಥವರ ಹುಳಕ್ಕೆ ಸಂಸ್ಕೃತದ ಹೆಸರಿಡೋಕೆ ನಂಗಂತೂ ಕೈ ಬರ್ತಿಲ್ಲ.

ಅದಕ್ಕೇ ಕೇಳ್ತಿರೋದು, ನಿಮ್ಮೂರ ಕೆರೆ, ಬಾವಿ, ಗದ್ದೆ ನೀರಲ್ಲಿ ಸುತ್ತೋ ಈ ಕಪ್ಪು ಹುಳಕ್ಕೆ ಏನಂತ ಕರೀತಾರೆ? ಕಾಲು ಚಾಚಿ ನೀರ ಮೇಲೆ ಓಡಾಡೋ ಉದ್ದಕಾಲಿನದಲ್ಲ, ಗುಂಡಗೆ ಸುತ್ತೋದು. ಮನೇಲಿ ಅಜ್ಜಿ ತಾತ ಇದ್ರೆ ಅವರನ್ನೂ ಕೇಳಿ ಬರೀರಿ, ಯಾವ ಊರಿನ ಮಾತು ಅಂತಲೂ ಸೇರಿಸಿ.